ಮುಹೂರ್ತ ನೋಡಿ ಕದ್ದವರು

"ಕಳ್ಳ ಸಿಕ್ಕಿದನಾ ಇಲ್ಲವಾ? ಅದೊಂದು ಹೇಳಿ ಸಾಕು," ಎಂದರು ಪಾಕ್ ಗುರಿತ್ನೊ.

"ಏನು ಕಳುವಾಗಿದೆ ಅನ್ನೋದು ಸಿಕ್ಕಿದೆ," ಎಂದಳು ವೆನಿಂಗ್. "ಕೂತ್ಕೊಳ್ಳಿ ಪಾಕ್. ನಿಂತು ಕೇಳೋ ವಿಷಯ ಅಲ್ಲ."

'ಪಾಕ್' ಎಂಬ ಗೌರವದ ಕರೆಗೂ ಗುರಿತ್ನೊ ಕೂರಲಿಲ್ಲ. ಜಾವಾದ ಸೋಲೋ ಪಟ್ಟಣದ ಲಾವೆಯಾನ್ ಕೇರಿಯ ಎತ್ತರದ ಗೋಡೆಗಳ ಒಳಗೆ ಹುಟ್ಟಿ ಬೆಳೆದ ಗಂಡಸರು ಇನ್ನೊಬ್ಬರು ಹೇಳಿದಾಗ ಕೂರುವುದಿಲ್ಲ. ಅಣ್ಣ ತೀರಿಕೊಂಡ ಮೇಲೆ ಈ ಮನೆ, ಈ ಬಾತಿಕ್ ಬಟ್ಟೆಯ ಅಂಗಡಿ, 'ಗ್ರಿಯಾ ಸುರ್ಯಾನಿ' ಎಂಬ ಅದರ ಹೆಸರು ಎಲ್ಲವೂ ಇವರ ಪಾಲಿಗೆ ಬಂದಿದ್ದವು. ಬಾರದೆ ಉಳಿದದ್ದು ಗಿರಾಕಿಗಳು.

ಕೈಯಲ್ಲಿ ಬರೆದ ಬಾತಿಕ್ ಬೇಕೆಂದು ಯಾರು ಎಲ್ಲಿ ಕೂತು ಹುಡುಕಿದರೂ ಮೊದಲ ಸಾಲಿನಲ್ಲೇ ಕಾಣುತ್ತಿದ್ದ ಆನ್‌ಲೈನ್ ಅಂಗಡಿ ಕೆಲವೇ ತಿಂಗಳಲ್ಲಿ ಸರ್ಚ್‌ನಿಂದ ಮಾಯವಾಗಿ, ಆ ಜಾಗದಲ್ಲಿ 'ಪುರಿ ಅರುಮ್' ಎಂಬ ಊರಿಲ್ಲದ ವಿಳಾಸವಿಲ್ಲದ ಅಂಗಡಿ ಬಂದು ಕೂತಿತ್ತು. ಉಪವಾಸದ ತಿಂಗಳು ಇನ್ನೇನು ಶುರು, ಅದು ಮುಗಿದರೆ ಹೊಸ ಬಟ್ಟೆಯ ಲೆಬಾರಾನ್ ಹಬ್ಬ ಎನ್ನುವಾಗ ಗುರಿತ್ನೊ ಅವರಿಗೆ ತಡೆಯಲಾಗದೆ ವೆನಿಂಗ್‌ಳನ್ನು ಕರೆಸಿದ್ದರು.

ವೆನಿಂಗ್ ಪ್ರಸ್ತಿವಿಯ ಕಸುಬು ಅಂಗಡಿಗಳನ್ನು ಸರ್ಚ್‌ನಲ್ಲಿ ಮೇಲೆ ತರುವುದು. ಬಿದ್ದ ಅಂಗಡಿಯನ್ನು ಯಾರು ಬೀಳಿಸಿದರೆಂದು ಕೆದಕುವುದು ಅವಳ ಚಪಲ. ಎರಡರಲ್ಲೂ ತಾನು ಎಡವುವವಳಲ್ಲ ಎಂಬ ನಂಬಿಕೆ ಅವಳಿಗೆ ತುಸು ಜಾಸ್ತಿಯೇ ಇತ್ತು.

"ನಿಮ್ಮ ಜಕಾರ್ತದ ಕಂಪನಿಯವರು ಏನು ಹೇಳಿ ಹೋದ್ರು?" ಎಂದಳು.

"ಪುಟ ತೆರೆಯೋದು ನಿಧಾನ, ಫೋಟೋ ಭಾರ, ವಿವರ ಸಾಲದು ಅಂದ್ರು. ಎಲ್ಲಾ ಸರಿ ಮಾಡಿಸಿದ್ವಿ. ಅಂಗಡಿ ಇನ್ನೂ ಕೆಳಗೆ ಹೋಯ್ತು."

"ಹೊಟ್ಟೆನೋವು ಅಂದವನಿಗೆ ಕ್ಷೌರ ಮಾಡಿ ಕಳಿಸಿದಾರೆ. ಇಲ್ಲಿ ನೋಡಿ."

ಅವಳು ಅಂಗಡಿಯ ಒಂದು ಪುಟವನ್ನು ತೆರೆದು, ಅದರ ಒಳಮೈಯನ್ನು ಪರದೆಗೆ ತಂದಳು. ಗುರಿತ್ನೊ ಕಣ್ಣು ಕಿರಿದು ಮಾಡಿ ಬಗ್ಗಿದರು.

"ಪ್ರತಿ ಪುಟದ ಒಳಗೂ ಗಿರಾಕಿ ಕಣ್ಣಿಗೆ ಬೀಳದ ಒಂದು ಸಾಲು ಇರುತ್ತೆ ಪಾಕ್. ಒಂದೇ ಬಟ್ಟೆ, ಒಂದೇ ಫೋಟೋ, ಒಂದೇ ಮಾತು ಎರಡು ಅಂಗಡೀಲಿ ಕಂಡ್ರೆ ಸರ್ಚ್ ಎಂಜಿನ್‌ಗೆ ಗೊಂದಲ ಆಗುತ್ತೆ. ಅಸಲು ಯಾವುದು, ನಕಲು ಯಾವುದು? ಆಗ ಅದು ಈ ಸಾಲನ್ನ ನೋಡುತ್ತೆ. ನಿನ್ನ ಹೆತ್ತ ತಾಯಿ ಯಾರಪ್ಪ ಅಂತ ಪುಟಾನ ಕೇಳಿದ ಹಾಗೆ."

"ಸರಿ. ನಮ್ಮ ಪುಟ ಏನನ್ನುತ್ತೆ?"

"'ನಾನು ನಕಲು, ನಮ್ಮಮ್ಮ ಪುರಿ ಅರುಮ್‌ನಲ್ಲಿದಾಳೆ' ಅನ್ನುತ್ತೆ. ಇದೊಂದೇ ಅಲ್ಲ. ನಿಮ್ಮ ಒಳ್ಳೊಳ್ಳೆ ಪುಟಗಳೆಲ್ಲ ಅದನ್ನೇ ಹೇಳ್ತಿವೆ. ಮಗುವೇ ಹಾಗಂದ ಮೇಲೆ ಊರು ನಂಬದೆ ಇರುತ್ತಾ? ಇಷ್ಟು ವರ್ಷ ನಿಮ್ಮಂಗಡಿ ಕಟ್ಟಿಕೊಂಡ ಹೆಸರೆಲ್ಲ ನೆಟ್ಟಗೆ ಆ ಅಂಗಡಿಗೆ ಹರಿದುಹೋಗಿದೆ."

ಗುರಿತ್ನೊ ಈಗ ಕೂತರು.

"ಹೊರಗಿನವರು ಮಾಡೋಕಾಗುತ್ತಾ ಇದನ್ನ?"

"ಆಗಲ್ಲ. ಅಂಗಡಿಯ ಒಳಕ್ಕೆ ಬಂದವರೇ ಆಗ್ಬೇಕು. ಬೇಲಿನೇ ಎದ್ದು ಹೊಲ ಮೇಯ್ದಿದೆ."

"ನಾನು ಮೊದಲೇ ಹೇಳಲಿಲ್ವಾ? ಹನುಂಗ್! ಆನ್‌ಲೈನ್ ಅಂಗಡಿ ಕಟ್ಟಿಕೊಟ್ಟವನು ಅವನು. ಪ್ರತಿಯೊಂದು ಬದಲಾವಣೆ ಅವನ ಹೆಸರಲ್ಲೇ ಆಗಿದೆ ಅಂತ ಮೊನ್ನೆ ನೀವೇ ಹೇಳಿದ್ರಿ."

"ಅವನ ಹೆಸರಲ್ಲಿ ಅಂದೆ. ಅವನ ಕೈಯಲ್ಲಿ ಅನ್ನಲಿಲ್ಲ."

"ನನಗೆ ಎರಡೂ ಒಂದೇ." ಗುರಿತ್ನೊ ಟೋಪಿ ಸರಿಮಾಡಿಕೊಂಡರು. "ಅಸರ್ ನಮಾಜು ಮುಗಿಸಿ ಇನ್ಸ್‌ಪೆಕ್ಟರ್ ಬರ್ತಾರೆ. ನಿಮ್ಮ ಹತ್ತಿರ ಬೇರೆ ಹೆಸರಿದ್ರೆ ಅಷ್ಟರೊಳಗೆ ತಗೊಂಡು ಬನ್ನಿ. ಇಲ್ಲ ಅಂದ್ರೆ ಹನುಂಗ್ ಈ ಸಲದ ಹಬ್ಬ ಲಾಕಪ್ಪಿನಲ್ಲಿ ಮಾಡ್ತಾನೆ."

ಹನುಂಗ್‌ಗೆ ತಂದೆ ಇಲ್ಲ, ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂಬುದು ವೆನಿಂಗ್‌ಗೆ ಗೊತ್ತಿತ್ತು. ತಪ್ಪು ಮನುಷ್ಯನನ್ನು ಹಿಡಿದುಕೊಟ್ಟು ಗೆದ್ದೆ ಅನ್ನಿಸಿಕೊಳ್ಳುವುದು ಅವಳಿಗೆ ಅಸಹ್ಯ. ಅಷ್ಟರೊಳಗೆ ಹೆಸರು ತಂದೇ ತರುತ್ತೇನೆ ಎಂದು ಹೇಳಿ ಎದ್ದಳು.

ನೀರು ಕೇಳಿಕೊಂಡು ಹಿತ್ತಲಿಗೆ ಹೋದರೆ ಅಲ್ಲಿ ಬೇರೆಯೇ ಲೋಕ. ಅಂಗಳದ ತುಂಬ ಮೇಣದ ಒಲೆಗಳು ಉರಿಯುತ್ತಿದ್ದವು. ಹೆಂಗಸರು ಪುಟ್ಟ ಮಣೆಗಳ ಮೇಲೆ ಕೂತು, ಚಾಂಟಿಂಗ್ ಎಂಬ ತಾಮ್ರದ ಮೂತಿಯ ಲೇಖನಿಯಲ್ಲಿ ಬಿಸಿ ಮೇಣ ತುಂಬಿಕೊಂಡು, ಅದರ ಮೂತಿಗೆ ಉಫ್ ಎಂದು ಊದಿ, ಬಟ್ಟೆಯ ಮೇಲೆ ಚುಕ್ಕಿ ಇಡುತ್ತಿದ್ದರು. ಆರ್ಡರೇ ಇಲ್ಲದ ಅಂಗಡಿಯಲ್ಲಿ ಇಷ್ಟು ಒಲೆ ಯಾಕೆ ಎಂದು ವೆನಿಂಗ್‌ಗೆ ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಗೆ ಅಡಿಗೆಮನೆಯಿಂದ ಸೆರಾಬಿ ಎಂಬ ಸಿಹಿದೋಸೆಯ ಕಾಯಿಹಾಲಿನ ಪರಿಮಳ ಬರಲು ಅದನ್ನು ಮರೆತಳು.

"ಮೈದುನ ನಿನಗೊಂದು ಲೋಟ ಚಹಾನೂ ಕೊಡಲಿಲ್ವಾ ಕೂಸೇ?" ಎಂದರು ಬು ಕುಸ್ಮಿರಾ. ಗುರಿತ್ನೊ ಅವರ ಅತ್ತಿಗೆ, ಇಷ್ಟು ದಿನ ಈ ಅಂಗಡಿ ನಡೆಸಿದವರು; ಕೇರಿಗೆಲ್ಲ 'ಬು', ಅಂದರೆ ಅಮ್ಮ. "ಅವನು ಎಂಜಲು ಕೈಯಲ್ಲಿ ಕಾಗೆ ಓಡಿಸೋನಲ್ಲ. ತಗೋ, ಬಿಸಿ ಇದೆ."

ವೆನಿಂಗ್ ಸೆರಾಬಿ ಮಡಿಸಿ ಬಾಯಿಗಿಟ್ಟಳು. "ಹಬ್ಬ ಆದ್ಮೇಲೆ ಇಲ್ಲಿ ಪ್ರಿಂಟಿಂಗ್ ಮೆಷಿನ್ ಬರುತ್ತಂತೆ, ಹೌದಾ ಬು?"

"ಅಳತೆ ತಗೊಂಡು ಹೋದ್ರು. ಇವರೆಲ್ಲ ವರ್ಷಗಟ್ಟಲೆ ಬರೆಯೋ ಬಟ್ಟೇನ ಅದು ಒಂದೇ ದಿನಕ್ಕೆ ಉಗುಳುತ್ತಂತೆ."

"ಇವರೆಲ್ಲ ಏನಾಗ್ತಾರೆ?"

"ಮನೆಗೆ ಹೋಗ್ತಾರೆ. ನಾನು ಮೂಲೇಲಿ ಕೂತು ಜಪಮಣಿ ಎಣಿಸಬೇಕಂತೆ. ಲಂಗ ಹಾಕೋ ವಯಸ್ಸಿಂದ ಈ ಮಣೆ ಮೇಲೆ ಕೂತೋಳು ನಾನು." ಅಷ್ಟು ಹೇಳಿ ಅವರು ನಕ್ಕರು. ನಗು ಗಟ್ಟಿಯಾಗಿಯೇ ಇತ್ತು. ಅಂಗಳದಿಂದ ಯಾರೋ ಕೂಗಿದರೆಂದು ಸೆರಗು ಸಿಕ್ಕಿಸಿಕೊಂಡು ಹೊರಟರು.

ಒಲೆಯ ಪಕ್ಕದ ಗೋಡೆಗೆ ಚಿನ್ನದಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುಹಾಕಿತ್ತು. ಕೈ ಒರೆಸಿಕೊಳ್ಳುತ್ತ ವೆನಿಂಗ್ ಅದರ ಮುಂದೆ ನಿಂತಳು.

ಅವಳಿಗೆ ಒಂದು ವಾರದಿಂದ ಕೊರೆಯುತ್ತಿದ್ದ ವಿಷಯ ಒಂದೇ. ಪುಟಗಳು ಒಂದೇ ಸಲಕ್ಕೆ ಬದಲಾಗಿರಲಿಲ್ಲ. ಒಂದು ದಿನ ಕೆಲವು, ತಿಂಗಳು ಕಳೆದ ಮೇಲೆ ಇನ್ನು ಕೆಲವು, ಮತ್ತೆ ಬಿಡುವು. ಬದಲಾದದ್ದೆಲ್ಲ ಬುಧವಾರ. ಹಾಗೆಂದು ಎಲ್ಲ ಬುಧವಾರವೂ ಅಲ್ಲ. ಪಗಾರದ ಕೆಲಸಗಾರನಾದರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಮುಗಿಸಿ ಪರಾರಿಯಾಗುತ್ತಿದ್ದ. ಹೀಗೆ ಬಿಟ್ಟು ಬಿಟ್ಟು ಕದಿಯುವವನು ಯಾವ ಸೀಮೆಯ ಕಳ್ಳ?

ಫೋನಿನಲ್ಲಿದ್ದ ಮೊದಲ ತಾರೀಖಿನ ಮೇಲೆ ಬೆರಳಿಟ್ಟಳು. ಅಂಕಿಯ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಪಾಹಿಂಗ್' ಎಂದಿತ್ತು. ಹಾಳೆ ಮಗುಚಿ ಎರಡನೆಯದನ್ನು ನೋಡಿದಳು. ಪಾಹಿಂಗ್. ಮೂರನೆಯದೂ ಪಾಹಿಂಗ್. ಆಮೇಲಿನವನ್ನು ಅವಳು ನೋಡುವ ಮೊದಲೇ ನಗುತ್ತಿದ್ದಳು.

ಜಾವಾದವರಿಗೆ ವಾರದ ಏಳು ದಿನ ಸಾಲದು. ಹಳೆಯ ಸಂತೆಯ ಐದು ದಿನಗಳೂ ಜೊತೆಗೆ ಸುತ್ತುತ್ತವೆ: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೋನ್. ಮನುಷ್ಯ ಹುಟ್ಟಿದಾಗ ಯಾವ ವಾರಕ್ಕೆ ಯಾವ ಸಂತೆ ಕೂಡಿತ್ತೋ ಅದು ಅವನ ವೆತೋನ್. ಆ ಜೋಡಿ ಮೂವತ್ತೈದು ದಿನಕ್ಕೊಮ್ಮೆ ಸುತ್ತಿ ಬರುತ್ತದೆ. ಹಳೇ ಪದ್ಧತಿಯ ಮನೆಗಳಲ್ಲಿ ಮಿಬಕ್ಸೊ ನೂಡಲ್ಸಿನ ಗಾಡಿ ಇಡುವುದಿರಲಿ, ಹೊಸ ಬಣ್ಣದ ಹೊಂಡ ಕದಡುವುದಿರಲಿ, ತಮ್ಮ ವೆತೋನ್ ಬರುವ ತನಕ ಕಾಯುತ್ತಾರೆ.

ಪುರಿ ಅರುಮ್‌ನ ಕಳ್ಳನೂ ಕಾದಿದ್ದ. ಕಂಪ್ಯೂಟರಿನ ಕಳ್ಳತನವನ್ನು ಮುಹೂರ್ತ ನೋಡಿ ಮಾಡಿದ್ದ. ಇಷ್ಟು ಚೆಂದದ ತಪ್ಪನ್ನು ಸೋಲೋದವರಲ್ಲದೆ ಇನ್ನಾರು ಮಾಡಿಯಾರು ಎಂದು ವೆನಿಂಗ್‌ಗೆ ಅವನ ಮೇಲೆ ಪ್ರೀತಿಯೇ ಬಂತು.

ಬುಧವಾರ ಪಾಹಿಂಗ್ ಹುಟ್ಟಿದವರು ಯಾರು? ಅಷ್ಟೇ ಉಳಿದದ್ದು. ಅವಳು ಸ್ಕೂಟರ್ ಹತ್ತಿದಳು.

*

ಪುರ್ವೊಸಾರಿ ರೈಲು ನಿಲ್ದಾಣದ ಹಿಂದೆ, ಪಂಕ್ಚರ್ ಅಂಗಡಿಯ ಮಹಡಿಯಲ್ಲಿ ಹನುಂಗ್‌ನ ಆಫೀಸು. ಅವನು ಕಂಪ್ಯೂಟರಿನ ಮುಂದೆಯೇ ಬಟ್ಟಲಿಟ್ಟುಕೊಂಡು ತಿಮ್ಲೊ ಸೂಪು ಕುಡಿಯುತ್ತಿದ್ದ.

"ಬನ್ನಿ ಅಕ್ಕ. ಬೇಡಿ ತಂದಿದೀರಾ? ಊಟ ಮುಗಿಸಿ ಕೈ ತೊಳೀಲಾ, ಹೀಗೇ ಚಾಚಲಾ?"

"ತೊಳ್ಕೊಳ್ಳಿ ಮಾಸ್. ಎಣ್ಣೆ ಕೈಗೆ ಬೇಡಿ ಜಾರುತ್ತೆ." 'ಅಕ್ಕ'ನಿಗೆ ಪ್ರತಿಯಾಗಿ 'ಮಾಸ್', ಅಂದರೆ ಅಣ್ಣ, ಎಂದು ಕರೆದ ವೆನಿಂಗ್ ಕುರ್ಚಿ ಎಳೆದುಕೊಂಡಳು. "ಮೊದಲು ಇದನ್ನ ಹೇಳಿ. ನಿಮ್ಮ ವೆತೋನ್ ಯಾವುದು?"

ಹನುಂಗ್ ಚಮಚ ಹಿಡಿದೇ ನಕ್ಕ. "ಯಾಕೆ, ಹೆಣ್ಣು ತೋರಿಸ್ತೀರಾ? ಭಾನುವಾರ ಪೊನ್. ನಂಬಿಕೆ ಇಲ್ದಿದ್ರೆ ನನ್ನ ಗುರುತಿನ ಕಾರ್ಡಿನ ತಾರೀಖು ಹಾಕಿ ಲೆಕ್ಕ ಮಾಡಿ."

ಅವಳು ಲೆಕ್ಕ ಮಾಡಿದಳು. ಭಾನುವಾರ ಪೊನ್. ಅವಳಿಗೆ ಬೇಸರವಾಗಲಿಲ್ಲ. ಇವನಲ್ಲ ಎಂದು ಅವಳ ಮನಸ್ಸು ಮೆಟ್ಟಿಲು ಹತ್ತುವಾಗಲೇ ಹೇಳಿತ್ತು.

"ಪುರಿ ಅರುಮ್‌ನವರು ಗ್ರಿಯಾ ಸುರ್ಯಾನಿಯಿಂದ ಎತ್ತಿಕೊಂಡ ಪುಟಗಳು ಹಾಳಾಗ್ಲಿ," ಎಂದಳು. "ಅವರೇ ಹೊಸದಾಗಿ ಬರೆದಿರೋದನ್ನ ಓದಿದೀರಾ? 'ತ್ರುಂತುಮ್ ಚಿತ್ತಾರ, ಉತ್ತಮ ದರ್ಜೆ' ಅಂತ ಎಲ್ಲರ ಹಾಗೆ ಬರೆದಿಲ್ಲ. 'ಮಗಳ ಮದುವೇಲಿ ಅಮ್ಮ ಯಾವ ಬಾತಿಕ್ ಉಡಬೇಕು' ಅಂತ ತಲೆಬರಹ ಕೊಟ್ಟಿದಾರೆ. ಗಿರಾಕಿ ಬಟ್ಟೆ ಹೆಸರು ಹುಡುಕಲ್ಲ, ತನ್ನ ಚಿಂತೆ ಹುಡುಕ್ತಾಳೆ ಅನ್ನೋದು ಅವರಿಗೆ ಗೊತ್ತು. ನಾನಾಗಿದ್ರೂ ಅಷ್ಟೇ ಬರೀತಿದ್ದೆ."

"ಆ ಪಾಠ ನನ್ನದು." ಹನುಂಗ್‌ನ ಮುಖ ಅರಳಿತು. "ಬು ಕುಸ್ಮಿರಾ, ಅವರ ಮಗಳು ಇಬ್ಬರನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದೆ. ಜನ ಬಾಯಲ್ಲಿ ಹೇಗೆ ಕೇಳ್ತಾರೋ ಹಾಗೆ ಬರೀರಿ, ಸುಳ್ಳು ಹೊಗಳಿಕೆ ಬೇಡ, ಒಂದು ಪುಟಕ್ಕೆ ಒಂದೇ ಪ್ರಶ್ನೆ. ಹಾಗೇ ಅಲ್ವಾ ಗ್ರಿಯಾ ಸುರ್ಯಾನಿ ಮೇಲೆ ಬಂದಿದ್ದು? ಗುರಿತ್ನೊ ಅವರಿಗೆ ಅದೆಲ್ಲ ಎಲ್ಲಿ ಗೊತ್ತು?"

"ಸರಿ. ಈಗ ಇನ್ನೊಂದು ಕೇಳಿ. ಪುಟದೊಳಗಿನ ಆ ಸಾಲು ಬದಲಾದ ದಿನಗಳೆಲ್ಲ ಒಂದೇ ವೆತೋನ್."

"ಯಾವುದು?"

"ಬುಧವಾರ ಪಾಹಿಂಗ್."

ಹನುಂಗ್ ಚಮಚವನ್ನು ಬಟ್ಟಲಿನೊಳಗೆ ಬಿಟ್ಟ. 

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ವೆನಿಂಗ್ ಬೇಕಾದಷ್ಟು ನೋಡಿದ್ದಳು. ಇವನು ತನ್ನ ಹೆಗಲು ಮುಟ್ಟಿಕೊಳ್ಳಲಿಲ್ಲ. ಇನ್ನಾರದೋ ಹೆಗಲಿಗೆ ಅಡ್ಡ ನಿಂತವನ ಹಾಗೆ ಕಂಡ.

"ಈ ಕೆಲಸ ಬಿಟ್ಟುಬಿಡಿ ಅಕ್ಕ," ಎಂದ.

"ಬಿಟ್ರೆ ನೀವು ಲಾಕಪ್ಪಿಗೆ ಹೋಗ್ತೀರಿ. ಇವತ್ತೇ."

"ಹೋಗ್ತೀನಿ."

"ನಿಮ್ಮಮ್ಮನ ಬಾಯಿಗೆ ಗಂಜಿ ಹಾಕೋರು ಯಾರು?"

ಅವನು ಎದ್ದು ಕಿಟಕಿಯ ಹತ್ತಿರ ಹೋದ.  

"ನಿಮಗೆ ಆ ದಿನ ಗೊತ್ತಿದೆ ಮಾಸ್. ಹೇಗೆ ಗೊತ್ತು?"

"ನನ್ನ ಬಾಳು ಹಾಳು ಮಾಡಿದ ದಿನ ಅದು, ಗೊತ್ತಿಲ್ದೆ ಇರುತ್ತಾ?" ಹನುಂಗ್ ತಿರುಗಿದ. ಅವನ ಧ್ವನಿ ಏರಿತ್ತು. "ಭಾನುವಾರ ಪೊನ್‌ಗೆ ಬುಧವಾರ ಪಾಹಿಂಗ್ ಕೂಡಿಸಿದ್ರೆ ಏನು ಬರುತ್ತೆ ಅಂತ ಮುದುಕರನ್ನ ಕೇಳಿ. ಪೆಗಾತ್! ಮುರಿದು ಬೀಳೋ ಜೋಡಿ. ಮಾಡಿಕೊಂಡ್ರೆ ಒಬ್ಬರು ಸಾಯ್ತಾರೆ ಇಲ್ಲ ಬಿಟ್ಟುಹೋಗ್ತಾರೆ. ಆ ಮನೆಗೆ ಹೆಣ್ಣು ಕೇಳೋಕೆ ಹೋದ ನನ್ನನ್ನ ಹಾಗಂತ ಹೇಳಿ ವಾಪಸ್ ಕಳಿಸಿದ್ರು. ಅವತ್ತಿಂದ ಕ್ಯಾಲೆಂಡರ್ ಮನೆಗೆ ತಂದಿಲ್ಲ ನಾನು."

"ಪಿನಾಸ್ತಿ," ಎಂದಳು ವೆನಿಂಗ್ ಮೆಲ್ಲಗೆ. ಬು ಕುಸ್ಮಿರಾ ಅವರ ಒಬ್ಬಳೇ ಮಗಳು. ಮನೆ ಬಿಟ್ಟು ಹೋದವಳೆಂದು ವೆನಿಂಗ್ ಕೇಳಿದ್ದಳು.

"ಅವಳ ಹೆಸರು ಎತ್ತಬೇಡಿ."

"ಅವಳು ಈಗ ಎಲ್ಲಿದಾಳೆ?"

"ಸೆಮರಾಂಗ್."

ವೆನಿಂಗ್ ಪುರಿ ಅರುಮ್‌ನಿಂದ ತರಿಸಿದ್ದ ಬಟ್ಟೆಯ ಪೊಟ್ಟಣ ಸ್ಕೂಟರಿನ ಸೀಟಿನಡಿ ಇತ್ತು. ಅದರ ಮೇಲೆ ಸೆಮರಾಂಗ್ ಅಂಚೆಯ ಮುದ್ರೆ ಬಿದ್ದಿತ್ತು.

"ಆ ಸಾಲನ್ನ ನೀವು ಯಾವಾಗ ನೋಡಿದ್ರಿ?"

"ತಿಂಗಳುಗಳಾಯ್ತು. ಮೊದಲನೇದನ್ನ ನಾನೇ ಅಳಿಸಿದೆ. ಮುಂದಿನ ಬುಧವಾರ ಪಾಹಿಂಗ್‌ಗೆ ಮತ್ತೆ ಬಂತು. ಆಗ ಗೊತ್ತಾಯ್ತು ಯಾರ ಕೈ ಅಂತ. ಸುಮ್ಮನಾದೆ." ಹನುಂಗ್‌ನ ಕಣ್ಣು ತುಂಬಿತ್ತು, ಅದನ್ನು ಅವನು ಮುಚ್ಚಿಡಲಿಲ್ಲ. "ಅವಳಮ್ಮ ಬರೆದ ಬಟ್ಟೆ ಅಕ್ಕ. ಚಿಕ್ಕಪ್ಪನ ಬಾಯಿಗೆ ಹೋಗೋ ಮೊದಲು ಮಗಳು ಒಂದು ತುತ್ತು ತಗೊಂಡ್ರೆ ಕಳ್ಳತನ ಆಗುತ್ತಾ?"

"ಆಗುತ್ತೆ ಮಾಸ್. ಕಾನೂನಲ್ಲಿ ಆಗುತ್ತೆ." ವೆನಿಂಗ್ ಎದ್ದಳು. "ಆದ್ರೆ ಅವಳು ಮಾಡಿದ್ದಕ್ಕೆ ನೀವು ಒಳಗೆ ಹೋಗೋದು ನ್ಯಾಯ ಅಲ್ಲ. ನಾನು ಅವಳ ಹತ್ತಿರಾನೇ ಹೇಳಿಸ್ತೀನಿ. ಇಲ್ಲೇ ಇರಿ, ಎಲ್ಲೂ ಹೋಗಬೇಡಿ."

ಮೆಟ್ಟಿಲಿಳಿಯುವಾಗ ಅವಳ ಎದೆ ಹಗುರವಾಗಿತ್ತು. ದಿನ, ಊರು, ಕಾರಣ ಮೂರೂ ಒಂದೇ ಹೆಸರಿಗೆ ಬಂದು ನಿಂತಿದ್ದವು. ಅದು ಪಿನಾಸ್ತಿಯ ವೆತೋನ್ ಎಂದು ನಿಮಗೆ ಹೇಳಿದವರು ಯಾರು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಅವಳು ಕೇಳಲಿಲ್ಲ. ಜಾಣರು ಎಡವುವುದು ಯಾವಾಗಲೂ ಹೊಸ್ತಿಲಲ್ಲೇ.

*

ಮುಂಬಾಗಿಲಲ್ಲಿ ಪೊಲೀಸ್ ಜೀಪು ಆಗಲೇ ನಿಂತಿತ್ತು. ವೆನಿಂಗ್ ಸ್ಕೂಟರನ್ನು ಓಣಿಯಲ್ಲಿ ಬಿಟ್ಟು, ಪಕ್ಕದ ಮನೆಯ ಗೋಡೆಯಲ್ಲಿದ್ದ ಕಿರುಬಾಗಿಲಿನಿಂದ ಹಿತ್ತಲಿಗೆ ನುಗ್ಗಿದಳು.

ಬು ಕುಸ್ಮಿರಾ ಮಣೆಯ ಮೇಲೆ ಕೂತು ಮೇಣ ಬರೆಯುತ್ತಿದ್ದರು.

"ಬು, ಪಿನಾಸ್ತಿಗೆ ಫೋನ್ ಮಾಡಿ. ಈಗಲೇ. ತಾನೇ ಮಾಡಿದ್ದು ಅಂತ ಅವಳು ಇನ್ಸ್‌ಪೆಕ್ಟರ್‌ಗೆ ಹೇಳಬೇಕು. ಮನೆ ಮಗಳು ಅಂತ ಮಾತಲ್ಲೇ ಮುಗಿಸಬಹುದು. ಇಲ್ದಿದ್ರೆ ಹನುಂಗ್ ಹೋಗ್ತಾನೆ."

"ಪಿನಾಸ್ತಿ ಏನು ಮಾಡಿದ್ಲು?"

"ಪುರಿ ಅರುಮ್ ಅವಳದ್ದು. ನಿಮ್ಮ ಪುಟಗಳಿಗೆ ತಾಯಿ ಬೇರೆ ಅಂತ ಹೇಳಿಕೊಟ್ಟಿದ್ದೂ ಅವಳೇ. ಪ್ರತಿ ಸಲಾನೂ ಅವಳ ವೆತೋನ್ ದಿನಾನೇ ಆಗಿದೆ ಬು. ಬುಧವಾರ ಪಾಹಿಂಗ್."

ಬು ಕುಸ್ಮಿರಾ ಚಾಂಟಿಂಗನ್ನು ಬಾಣಲೆಯ ಅಂಚಿಗಿಟ್ಟರು. ಹೆಂಗಸರ ಕಡೆ ತಿರುಗಿ, "ಹೋಗಿ, ಬಾವಿ ಹತ್ರ ಕೂತು ಸ್ವಲ್ಪ ಗಾಳಿ ತಗೊಳ್ರೇ," ಎಂದರು. ಅವರೆಲ್ಲ ಎದ್ದು ಹೋದ ಮೇಲೆ ಸ್ವರ ತಗ್ಗಿಸಿದರು.

"ನನ್ನ ಮಗಳು ಹುಟ್ಟಿದ್ದು ಬುಧವಾರ ಅಲ್ಲ. ಶನಿವಾರ. ಶನಿವಾರ ಪಾಹಿಂಗ್."

"ಆದ್ರೆ ಹನುಂಗ್..."

"ಹನುಂಗ್‌ಗೆ ಹಾಗೆ ಹೇಳಿದ್ದು ನಾನು."

ವೆನಿಂಗ್ ಪಕ್ಕದ ಮಣೆಯ ಮೇಲೆ ಕೂತಳು.

"ಅವಳ ಕಾರ್ಡಿನಲ್ಲಿರೋದು ಸ್ಕೂಲಿಗೆ ಸೇರಿಸುವಾಗ ಅವರಪ್ಪ ಬರೆಸಿದ ತಾರೀಖು. ನಿಜವಾದ ದಿನ ಹೆತ್ತವಳಿಗೆ ಮಾತ್ರ ಗೊತ್ತು. ಮಕ್ಕಳ ವೆತೋನ್ ಹೊರಗೆ ಬಿಟ್ರೆ ಮಾಟ ಮಾಡಿಸ್ತಾರೆ ಅಂತ ಅವಳಿಗೂ ಹೇಳಿರಲಿಲ್ಲ. ಆ ಹುಡುಗ ಹೆಣ್ಣು ಕೇಳೋಕೆ ಬಂದ ದಿನ ಲೆಕ್ಕ ಹಾಕಿ ನೋಡ್ದೆ. ಭಾನುವಾರ ಪೊನ್, ಶನಿವಾರ ಪಾಹಿಂಗ್. ಹೇಳಿ ಮಾಡಿಸಿದ ಜೋಡಿ. ಒಂದು ಕೊರೆ ಇಲ್ಲ." ಅವರು ಮೇಣ ಮೆತ್ತಿದ ಬೆರಳುಗಳನ್ನು ಉಜ್ಜಿಕೊಂಡರು. "ನಮ್ಮನೇಲಿ ದುಡಿಯೋ ಹುಡುಗ ಅಳಿಯ ಆಗ್ತಾನೆ ಅಂದ್ರೆ ಮೈ ಉರೀತು ನಂಗೆ. ದೊಡ್ಡಸ್ತಿಕೆ. ಕೂಡಿ ಬರಬಾರದು ಅಂತ ಬಾಯಿಗೆ ಬಂದ ಇನ್ನೊಂದು ದಿನ ಹೇಳ್ದೆ."

"ಯಾರ ದಿನ?"

"ನಂದು."

ತೆಂಗಿನಕಾಯಿ ತಲೆ ಮೇಲೆ ಬಿದ್ದರೂ ವೆನಿಂಗ್ ಇಷ್ಟು ಬೆಚ್ಚುತ್ತಿರಲಿಲ್ಲ. ಉರಿಯುತ್ತಿದ್ದ ಅಷ್ಟೂ ಒಲೆಗಳನ್ನು ಅವಳು ಈಗ ನೆಟ್ಟಗೆ ನೋಡಿದಳು.

"ಇವರೆಲ್ಲ ಪುರಿ ಅರುಮ್‌ಗೆ ಬರೀತಿದಾರೆ."

"ಒಂದು ದಿನಾನೂ ಇವರ ಕೈ ನಿಂತಿಲ್ಲ. ಮೈದುನ ಹಿತ್ತಲಿಗೆ ಕಾಲಿಡೋನಲ್ಲ, ಹೊಗೆ ವಾಸನೆ ಆಗಲ್ಲ ಅವನಿಗೆ. ಬಟ್ಟೆ ಈ ಕಿರುಬಾಗಿಲಲ್ಲೇ ಸೆಮರಾಂಗ್‌ಗೆ ಹೋಗುತ್ತೆ, ಅಲ್ಲಿಂದ ಪಿನಾಸ್ತಿ ಕಳಿಸ್ತಾಳೆ. ಅವಳಿಗೆ ಅಂಗಡಿ ಗೊತ್ತು. ಗಿರಾಕಿ ಇಲ್ಲಿಂದ ಅಲ್ಲಿಗೆ ಯಾವ ದಾರೀಲಿ ಬರ್ತಾರೆ ಅನ್ನೋದು ಗೊತ್ತಿಲ್ಲ."

"ಆ ಸಾಲನ್ನ ನೀವೇ ಬರೆದ್ರಾ? ನಿಮ್ಮ ಕೈಯಾರೆ?"

"ಯಾಕೆ, ನನ್ನ ಕೈಗೇನಾಗಿದೆ?" ಅವರಿಗೆ ಸಿಟ್ಟೇ ಬಂತು. "ಮೇಣ ಒಂದು ಹನಿ ತಪ್ಪಿದ್ರೆ ಬಟ್ಟೆ ಹೋಯ್ತು. ಅದು ತಪ್ಪಿದ್ರೆ ಅಳಿಸಿ ಬರೀಬಹುದು. ಯಾವುದು ಕಷ್ಟ ಕೂಸೇ? ಅಂಗಡಿ ಬೇರೆ ಊರಿಗೆ ಹೋದ್ರೆ ಜನಕ್ಕೆ ದಾರಿ ಹೇಗೆ ತೋರಿಸ್ಬೇಕು ಅಂತ ಹನುಂಗ್ ಒಮ್ಮೆ ಹೇಳಿಕೊಟ್ಟಿದ್ದ. ನೆನಪಿಟ್ಕೊಂಡಿದ್ದೆ. ಗೋಡೆ ಮೈದುನಂದು. ಹೆಸರು ಮೈದುನಂದು. ತಗೊಳ್ಳಲಿ. ಜನ ಬರೋ ದಾರಿ ಮಾಡಿದ್ದು ನಾನು. ಅದನ್ನ ಮೆಷಿನ್ ಬಾಗಿಲಿಗೆ ಬಿಡಲ್ಲ."

ವೆನಿಂಗ್ ತನ್ನ ಕಸುಬಿನಲ್ಲಿ ಇಷ್ಟು ಜಾಣತನದ ಕೆಲಸ ನೋಡಿರಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು. ಅಷ್ಟರಲ್ಲಿ ಹನುಂಗ್ ನೆನಪಾದ.

"ಎಲ್ಲಾ ಹನುಂಗ್ ಹೆಸರಲ್ಲಿ ಆಗಿದೆ ಬು."

"ಅಂದ್ರೆ?"

"ಅಂಗಡಿಯ ಕಂಪ್ಯೂಟರಿನಲ್ಲಿ ನೀವು ಒಳಗೆ ಹೋಗೋದು ಅವನ ಹೆಸರಿಂದ. ನೀವು ಮಾಡಿದ್ದೆಲ್ಲ ಅವನ ತಲೆ ಮೇಲಿದೆ."

ಬು ಕುಸ್ಮಿರಾ ಅವರ ಮುಖದ ಬಣ್ಣ ಇಳಿಯಿತು. "ಅದು ಒತ್ತಿದ್ರೆ ತಾನೇ ತೆರೀತಿತ್ತು," ಎಂದರು. "ಯಾರ ಹೆಸರು ಅಂತ ನಾನು ನೋಡಲೇ ಇಲ್ಲ."

ಈಗ ವೆನಿಂಗ್‌ಳ ಮುಂದೆ ಇದ್ದದ್ದು ಎರಡೇ. ಬು ಕುಸ್ಮಿರಾ ಎಂದು ಹೇಳಿದರೆ ಗುರಿತ್ನೊ ಪುರಿ ಅರುಮ್ ಅನ್ನೂ ಎಳೆದುಕೊಳ್ಳುತ್ತಾರೆ, ನಾಳೆಯೇ ಈ ಒಲೆಗಳಿಗೆ ನೀರು ಬೀಳುತ್ತದೆ. ಹೇಳದಿದ್ದರೆ ಹನುಂಗ್ ಜೈಲಿಗೆ.

"ಒಂದು ಗಳಿಗೆ ಕೊಡಿ," ಎಂದಳು. ಅವಳ ತಲೆ ಓಡುತ್ತಿತ್ತು. "ಹಾವೂ ಸಾಯಬಾರದು, ಕೋಲೂ ಮುರೀಬಾರದು. ದಾರಿ ಇದ್ದೇ ಇರುತ್ತೆ. ನಾನೀಗ ಹೋಗಿ ಆ ಸಾಲುಗಳನ್ನ..."

ಆಗ ಮುಂದಿನ ಹಜಾರದಿಂದ ಧ್ವನಿ ಕೇಳಿತು. ಎಲ್ಲೂ ಹೋಗಬೇಡಿ ಎಂದು ಅವಳು ಹೇಳಿಬಂದಿದ್ದ ಮನುಷ್ಯನ ಧ್ವನಿ.

ಇಬ್ಬರೂ ಓಡಿದರು.

ಹನುಂಗ್ ಹಜಾರದ ನಡುವೆ ನಿಂತಿದ್ದ. ಚಪ್ಪಲಿಯನ್ನು ಹೊರಗೆ ಬಿಟ್ಟು, ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು, ಹೆಣ್ಣು ಕೇಳಲು ಬಂದವನ ಹಾಗೆ.

"ನಾನೇ ಮಾಡಿದ್ದು ಸಾರ್," ಎನ್ನುತ್ತಿದ್ದ. "ಪುರಿ ಅರುಮ್ ನಂದೇ. ಬೇರೆ ಯಾರಿಗೂ ಇದರಲ್ಲಿ ಕೈ ಇಲ್ಲ."

"ಕೇಳಿದ್ರಾ?" ಗುರಿತ್ನೊ ಕುರ್ಚಿಯಿಂದ ಅರ್ಧ ಎದ್ದಿದ್ದರು. "ಕೇಳಿದ್ರಲ್ಲ, ಅವನ ಬಾಯಲ್ಲೇ ಬಂತು. ವೆನಿಂಗ್, ನಿಮ್ಮ ಕೆಲಸ ಮುಗೀತು!"

"ಮಾಸ್, ಬಾಯಿ ಮುಚ್ಚಿ!" ಎಂದಳು ವೆನಿಂಗ್.

ಹನುಂಗ್ ಅವಳ ಕಡೆ ನೋಡಲೇ ಇಲ್ಲ.

ಇನ್ಸ್‌ಪೆಕ್ಟರ್ ವಯಸ್ಸಾದ, ನಿಧಾನದ ಮನುಷ್ಯ. ಕನ್ನಡಕ ಒರೆಸಿ ಹಾಕಿಕೊಂಡರು. "ಮಾಡಿದೆ ಅಂದ್ರೆ ಸಾಲದಪ್ಪ. ಯಾಕೆ ಮಾಡಿದೆ? ಕಾರಣ ಬರ್ಕೊಳ್ದೆ ನಾನು ಯಾರನ್ನೂ ಕರ್ಕೊಂಡು ಹೋಗಲ್ಲ."

"ಹೊಟ್ಟೆಕಿಚ್ಚಿಗೆ. ಈ ಮನೆ ಮಗಳನ್ನ ಕೇಳಿದೆ. ಕೊಡಲಿಲ್ಲ."

"ಯಾಕೆ ಕೊಡಲಿಲ್ಲ?"

"ವೆತೋನ್ ಕೂಡಿ ಬರಲಿಲ್ಲ. ಪೆಗಾತ್ ಬಂತು."

ಇನ್ಸ್‌ಪೆಕ್ಟರ್ ಮೊದಲ ಸಲ ತಲೆಯೆತ್ತಿ ಹುಡುಗನನ್ನು ಸರಿಯಾಗಿ ನೋಡಿದರು. "ಅಯ್ಯೋ ಪಾಪ. ಈಗಿನ ಕಾಲದಲ್ಲೂ? ನಿಂದು ಯಾವುದಪ್ಪ?"

"ಭಾನುವಾರ ಪೊನ್."

"ನನ್ನ ಹೆಂಡತೀದೂ ಅದೇ." ಅವರು ಬೆರಳು ಮಡಿಸಿ ಎಣಿಸತೊಡಗಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಬು ಕುಸ್ಮಿರಾ ಅವರ ಕಡೆ ತಿರುಗಿ ಗೌರವದಿಂದ ತಲೆಬಾಗಿದರು. ವೆನಿಂಗ್ ಪಕ್ಕಕ್ಕೆ ನೋಡಿದಳು. ಆ ಎಣಿಕೆಗೆ ಇನ್ನೊಂದು ದಿನ ಬೇಕು; ಅದು ಶನಿವಾರವಾದರೆ ಪೆಗಾತ್ ಇಲ್ಲ, ಹುಡುಗ ಹೇಳಿದ ಕಾರಣವೂ ಇಲ್ಲ. ಹನುಂಗ್ ಕೂಡ ಬು ಕುಸ್ಮಿರಾ ಅವರನ್ನೇ ನೋಡುತ್ತಿದ್ದ, ಯಾವ ದೂರೂ ಇಲ್ಲದ ಕಣ್ಣಿನಿಂದ.

"ಕಾಗದಕ್ಕೆ ಬರ್ಕೊಳ್ಳೋಕೆ ಕೇಳ್ತೀನಿ, ತಪ್ಪು ತಿಳೀಬೇಡಿ ಬು," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ಮಗಳು ಹುಟ್ಟಿದ ದಿನ ಯಾವುದು?"